ತೊಗರಿ ಬೇಳೆ ತುಟ್ಟಿಯಾದಾಗ ಅವ್ವ ಹಾಕುವ ಲೆಕ್ಕ

ಪ್ರಶ್ನೆ: ಸರ್, ನಾನು ಬಿ.ಎ. ಓದುತ್ತಿದ್ದೇನೆ. ಕ್ಲಾಸಿನಲ್ಲಿ ಮೊದಲು ಔದಾಸೀನ್ಯ ವಕ್ರರೇಖೆ ಹೇಳಿಕೊಟ್ಟರು, ಆಮೇಲೆ ಬೇಡಿಕೆ ರೇಖೆ. ಒಂದರಿಂದ ಇನ್ನೊಂದು ಹೇಗೆ ಬರುತ್ತದೆ ಅನ್ನೋದು ತಲೆಗೆ ಹೋಗುತ್ತಿಲ್ಲ. ನಮ್ಮ ಅವ್ವ ಕಿರಾಣಿ ಅಂಗಡಿಗೆ ಹೋದಾಗ ಯಾವ ರೇಖೆಯನ್ನೂ ನೋಡುವುದಿಲ್ಲ. ಇದೆಲ್ಲ ಬರೀ ಪರೀಕ್ಷೆಗೆ ಮಾತ್ರವೇ?
– ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ನಿಮ್ಮ ಅವ್ವ ರೇಖೆ ನೋಡುವುದಿಲ್ಲ ನಿಜ. ಆದರೆ ಆ ರೇಖೆ ಹುಟ್ಟುವುದೇ ಅವರಂಥವರ ಲೆಕ್ಕದಿಂದ. ಮೊನ್ನೆ ಅಂಗಡಿಯಲ್ಲಿ ನನ್ನ ಮುಂದೆ ನಿಂತಿದ್ದ ತಾಯಿಯೊಬ್ಬರು ತೊಗರಿ ಬೇಳೆ ದರ ಕೇಳಿದರು. "ಏರೇದ್ರಿ ಅಕ್ಕಾ" ಅಂದ ಅಂಗಡಿಯವನು. ಅವರು ಚೀಲದ ಬಾಯಿಂದ ಒಂದು ಹಿಡಿ ಬೇಳೆ ತೆಗೆದು, ಬೆರಳಿನಿಂದ ಆಡಿಸಿ ನೋಡಿ, ವಾಪಸ್ ಹಾಕಿದರು. "ಹಂಗಾದ್ರ ತೊಗರಿ ಒಂದ ಕೆಜಿ ಸಾಕು. ಉಳಿದ ರೊಕ್ಕಕ್ಕ ಹೆಸರ ಬ್ಯಾಳಿ ಹಾಕ್ರಿ" ಅಂದರು. ನಿಮ್ಮ ಪಠ್ಯದ ಇಡೀ ಒಂದು ಅಧ್ಯಾಯ ಆ ಮಾತಿನಲ್ಲಿದೆ.

ಲೆಕ್ಕ ಹಾಕಿಯೇ ನೋಡೋಣ. ಅಂಕಿಗಳು ಉದಾಹರಣೆಗೆ ನಾನು ಇಟ್ಟುಕೊಂಡವು. ತಿಂಗಳಿಗೆ ಬೇಳೆಗೆಂದು 600 ರೂಪಾಯಿ ಇದೆ. ತೊಗರಿ ಕೆಜಿಗೆ 150, ಹೆಸರು 100. ಎಲ್ಲವನ್ನೂ ತೊಗರಿಗೆ ಹಾಕಿದರೆ 4 ಕೆಜಿ, ಹೆಸರಿಗೇ ಹಾಕಿದರೆ 6 ಕೆಜಿ. ಈ ಎರಡು ಬಿಂದು ಸೇರಿಸಿ ಎಳೆದ ಗೆರೆಯೇ ಬಜೆಟ್ ರೇಖೆ. ಅದು ಅಂಗಡಿಯವನ ಮಾತು: ಒಂದು ಕೆಜಿ ತೊಗರಿ ಬಿಟ್ಟರೆ ಒಂದೂವರೆ ಕೆಜಿ ಹೆಸರು.

ಅವ್ವನ ಮನಸ್ಸಿನಲ್ಲಿ ಬೇರೆ ಲೆಕ್ಕ ಇರುತ್ತದೆ. 4 ಕೆಜಿಯೂ ತೊಗರಿಯೇ ಆದರೆ ದಿನಾ ಅದೇ ಬೇಳೆ ತಿಂದು ಮನೆಯವರಿಗೆ ಬೇಜಾರು. ಆಗ ಒಂದು ಕೆಜಿ ತೊಗರಿ ಬಿಟ್ಟು ಒಂದೇ ಕೆಜಿ ಹೆಸರು ಸಿಕ್ಕರೂ ಅವರಿಗೆ ಸಮವೇ. ಅಂಗಡಿಯವನು ಒಂದೂವರೆ ಕೆಜಿ ಕೊಡುತ್ತಾನೆ. ಲಾಭ ಅಲ್ವಾ? ಹಾಗಾಗಿ ತೊಗರಿ ಇಳಿಸುತ್ತಾರೆ. ಇಳಿಸುತ್ತ ಹೋದಂತೆ ಉಳಿದ ತೊಗರಿಗೆ ಅವರ ಮನಸ್ಸಿನಲ್ಲಿ ಬೆಲೆ ಜಾಸ್ತಿ. ಕಡೆಗೆ ಒಂದೇ ಕೆಜಿ ಉಳಿದಾಗ, ಅದನ್ನು ಬಿಡಲು 3 ಕೆಜಿ ಹೆಸರು ಕೊಡುತ್ತೇನೆಂದರೂ ಅವರು ಒಪ್ಪುವುದಿಲ್ಲ. ರೊಟ್ಟಿ ಜೊತೆಗೆ ತೊಗರಿ ಬ್ಯಾಳಿ ಇಲ್ಲದ ಮನೆ ನಮ್ಮ ಕಡೆ ಎಲ್ಲಿದೆ ಹೇಳಿ.

ಇವೆರಡರ ನಡುವೆ ಎಲ್ಲೋ ಒಂದು ಕಡೆ ಅವ್ವನ ಮನಸ್ಸಿನ ದರ, ಅಂಗಡಿಯ ದರ ಎರಡೂ ಒಂದೇ ಆಗುತ್ತವೆ. ನಮ್ಮ ಉದಾಹರಣೆಯಲ್ಲಿ ಅದು 2 ಕೆಜಿ ತೊಗರಿ, 3 ಕೆಜಿ ಹೆಸರು ಎಂದಿಟ್ಟುಕೊಳ್ಳಿ. ಅಲ್ಲಿಂದ ಯಾವ ಕಡೆ ಸರಿದರೂ ನಷ್ಟ. "ಇದಾದರೂ ಸರಿ, ಅದಾದರೂ ಸರಿ" ಅನ್ನಿಸುವ ಜೋಡಿಗಳನ್ನೆಲ್ಲ ಸೇರಿಸಿದರೆ ಔದಾಸೀನ್ಯ ವಕ್ರರೇಖೆ. ಅದು ಬಜೆಟ್ ರೇಖೆಯನ್ನು ಸ್ಪರ್ಶಿಸುವ ಬಿಂದು ಇದೇ. ಜರ್ಮನಿಯ ಅರ್ಥಶಾಸ್ತ್ರಜ್ಞ ಗಾಸೆನ್ 1854ರಲ್ಲೇ ಇದನ್ನು ಇನ್ನೊಂದು ರೀತಿ ಹೇಳಿದ್ದ: ಪ್ರತಿ ವಸ್ತುವಿಗೆ ಹಾಕಿದ ಕೊನೆಯ ನಾಣ್ಯ ಒಂದೇ ಅಳತೆಯ ತೃಪ್ತಿ ಕೊಡಬೇಕು. ಔದಾಸೀನ್ಯ ರೇಖೆಗಳಿಂದಲೇ ಬೇಡಿಕೆಯನ್ನು ವಿವರಿಸುವ ಈಗಿನ ಕ್ರಮ ಗಟ್ಟಿಯಾಗಿದ್ದು 1934ರಲ್ಲಿ, ಅರ್ಥಶಾಸ್ತ್ರಜ್ಞರಾದ ಹಿಕ್ಸ್ ಮತ್ತು ಆಲನ್ ಅವರಿಂದ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಆದಾಯ, ರುಚಿ, ಹೆಸರಿನ ದರ ಯಾವುದನ್ನೂ ಮುಟ್ಟಬೇಡಿ. ತೊಗರಿ ದರ ಮಾತ್ರ 200ಕ್ಕೆ ಏರಿಸಿ. ಬಜೆಟ್ ರೇಖೆಯ ಹೆಸರಿನ ತುದಿ 6ರಲ್ಲೇ ಇರುತ್ತದೆ, ತೊಗರಿಯ ತುದಿ 4ರಿಂದ 3ಕ್ಕೆ ಜಾರುತ್ತದೆ. ಅವ್ವ ಮತ್ತೆ ಅದೇ ಲೆಕ್ಕ ಹಾಕಿ 1 ಕೆಜಿ ತೊಗರಿ, 4 ಕೆಜಿ ಹೆಸರು ತರುತ್ತಾರೆ. ದರ 100ಕ್ಕೆ ಇಳಿದರೆ 4 ಕೆಜಿ ತೊಗರಿ, 2 ಕೆಜಿ ಹೆಸರು. ಇನ್ನೊಂದು ಹಾಳೆ ತೆಗೆದುಕೊಂಡು ತೊಗರಿಯ ದರ, ತೊಗರಿಯ ಕೆಜಿ ಇಷ್ಟನ್ನೇ ಗುರುತು ಮಾಡಿ: 200ಕ್ಕೆ 1, 150ಕ್ಕೆ 2, 100ಕ್ಕೆ 4. ಸೇರಿಸಿ. ಅದೇ ಅವ್ವನ ಬೇಡಿಕೆ ರೇಖೆ. ಅದರ ಒಂದೊಂದು ಬಿಂದುವಿನ ಹಿಂದೆಯೂ ಆಗಲೇ ಮುಗಿದ ಒಂದು ಪೂರ್ತಿ ತೀರ್ಮಾನ ಇದೆ. ಹೀಗೆ ಮನೆಮನೆಯ ಕೆಜಿಗಳನ್ನು ಆಯಾ ದರಕ್ಕೆ ಕೂಡಿಸಿದರೆ ಕಲಬುರಗಿ ಮಾರುಕಟ್ಟೆಯ ಬೇಡಿಕೆ ರೇಖೆ. ಇಲ್ಲಿ ಕೂಡಿಸಬೇಕಾದ್ದು ಕೆಜಿಗಳನ್ನು, ದರಗಳನ್ನಲ್ಲ. ಪರೀಕ್ಷೆಯಲ್ಲಿ ತುಂಬಾ ಜನ ಎಡವುವುದು ಇಲ್ಲೇ.

ದರ ಏರಿದಾಗ ಕೊಳ್ಳುವುದು ಕಡಿಮೆ ಆಗಲು ಎರಡು ಕಾರಣ. ಹಳೆಯ 2 ಕೆಜಿ, 3 ಕೆಜಿ ಜೋಡಿ ಈಗ 700 ರೂಪಾಯಿ ಆಗುತ್ತದೆ. ಅಂದರೆ ಕೈಯಲ್ಲಿನ ದುಡ್ಡೇ 100 ರೂಪಾಯಿ ಸವೆದ ಹಾಗೆ. ಯಾರೋ ಆ 100 ಕೊಟ್ಟರು ಅಂದುಕೊಳ್ಳಿ. ಆಗಲೂ ಅವ್ವ ಹಳೆಯ 2 ಕೆಜಿ ತೊಗರಿ ತರುವುದಿಲ್ಲ. ಒಂದೂವರೆ ಕೆಜಿ ತಂದು, 4 ಕೆಜಿ ಹೆಸರು ಹಾಕಿಸಿಕೊಳ್ಳಬಹುದು. ಹಾಗೆ ಇಳಿದ ಅರ್ಧ ಕೆಜಿ ಬದಲಿ ಪರಿಣಾಮ. ಆ 100 ಇಲ್ಲದ್ದಕ್ಕೆ ಇಳಿದ ಇನ್ನರ್ಧ ಕೆಜಿ ಆದಾಯ ಪರಿಣಾಮ. ಸಾಮಾನ್ಯವಾಗಿ ಎರಡೂ ಒಂದೇ ಕಡೆ ಎಳೆಯುತ್ತವೆ. ತೀರಾ ಬಡ ಮನೆಯ ಮುಖ್ಯ ಆಹಾರದ ವಿಷಯದಲ್ಲಿ ಮಾತ್ರ ಆದಾಯ ಪರಿಣಾಮ ಎದುರು ದಿಕ್ಕಿಗೆ ಎಳೆದು ಗೆದ್ದುಬಿಡಬಹುದು. ಆಗ ದರ ಏರಿದರೆ ಕೊಳ್ಳುವುದೂ ಏರುತ್ತದೆ, ದರ ಇಳಿದರೆ ಇಳಿಯುತ್ತದೆ. ಅಂಥದ್ದಕ್ಕೆ ಗಿಫೆನ್ ವಸ್ತು ಅನ್ನುತ್ತಾರೆ. ಚೀನಾದ ಹುನಾನ್‌ನಲ್ಲಿ ಬಡ ಮನೆಗಳಿಗೆ ಅಕ್ಕಿ ಅಗ್ಗವಾಗಿ ಸಿಗುವಂತೆ ಮಾಡಿದಾಗ ಅವರು ಅಕ್ಕಿ ಕೊಳ್ಳುವುದನ್ನೇ ಕಡಿಮೆ ಮಾಡಿದ್ದನ್ನು ಅರ್ಥಶಾಸ್ತ್ರಜ್ಞರಾದ ಜೆನ್ಸನ್ ಮತ್ತು ಮಿಲ್ಲರ್ 2008ರಲ್ಲಿ ಪ್ರಕಟಿಸಿದರು. ಬಡವರ ತಟ್ಟೆಯನ್ನು ಇಷ್ಟು ಹತ್ತಿರದಿಂದ ನೋಡಿದ ಅರ್ಥಶಾಸ್ತ್ರ ನನಗೆ ತುಂಬಾ ಇಷ್ಟ.

ಪ್ರಶ್ನೆ: ಎಳ್ಳ ಅಮಾವಾಸ್ಯೆ ಹಿಂದಿನ ದಿನ ಕಾಯಿಪಲ್ಯದ ದರ ಏರಿರುತ್ತದೆ. ಆದರೂ ಎಲ್ಲರೂ ಜಾಸ್ತಿಯೇ ಕೊಳ್ಳುತ್ತಾರೆ. ದರ ಏರಿದರೆ ಬೇಡಿಕೆ ಇಳಿಯುತ್ತದೆ ಅನ್ನೋದು ಸುಳ್ಳಾಯಿತಲ್ಲ?
– ಓದುಗರು, ಬೀದರ್

ಉತ್ತರ: ಸುಳ್ಳಾಗಲಿಲ್ಲ. ಮರುದಿನ ಹೊಲಕ್ಕೆ ಭಜ್ಜಿ, ಸಜ್ಜೆ ರೊಟ್ಟಿ ಕಟ್ಟಿಕೊಂಡು ಹೋಗಬೇಕು. ಹಸಿ ಕಡಲೆ, ಮೆಂತ್ಯ ಪಲ್ಯ, ಅವರೆಕಾಯಿ ಇಲ್ಲದೆ ಭಜ್ಜಿ ಆಗುವುದಿಲ್ಲ. ಅಂದರೆ ಆ ದಿನ ಜನರಿಗೆ ಬೇಕು ಅನ್ನಿಸುವುದೇ ಬದಲಾಗಿದೆ, ಇಡೀ ಬೇಡಿಕೆ ರೇಖೆ ಬಲಕ್ಕೆ ಸರಿದಿದೆ: ಅದೇ ದರಕ್ಕೂ ಮೊದಲಿಗಿಂತ ಜಾಸ್ತಿ ಕೇಳುತ್ತಾರೆ. ದರ ಏರಿದ್ದಕ್ಕೆ ಜನ ಜಾಸ್ತಿ ಕೊಳ್ಳುತ್ತಿಲ್ಲ, ಜನ ಜಾಸ್ತಿ ಕೇಳಿದ್ದಕ್ಕೆ ದರ ಏರಿದೆ. ಹೊಸ ರೇಖೆಯೂ ಕೆಳಕ್ಕೇ ಇಳಿಯುತ್ತದೆ. ಅದನ್ನು ಸಂತೆಯಲ್ಲೇ ನೋಡಬಹುದು: ಸೂಡು ಮೆಂತ್ಯದ ದರ ಕೇಳಿ, ಮೂರು ತೆಗೆದುಕೊಂಡವರು ಒಂದನ್ನು ವಾಪಸ್ ಇಟ್ಟು, ಎರಡಕ್ಕೇ ದುಡ್ಡು ಎಣಿಸುತ್ತಾರೆ.