ಸರ್ಕ್ಯೂಟ್ ಬಲ್ಲವರಿಗೆ ರಕ್ತಪರೀಕ್ಷೆಯ ತಂಡದಲ್ಲಿ ಏನು ಕೆಲಸ?

ಪ್ರಶ್ನೆ: ನಾನು ಬೆಳಗಾವಿಯಲ್ಲಿ ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಬಿ.ಇ. ಮುಗಿಸಿ, ಈಗ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಸ್ನಾತಕೋತ್ತರ ಪದವಿಯ ಮೊದಲ ವರ್ಷದಲ್ಲಿದ್ದೇನೆ. ‘ಸೆನ್ಸ್‌ಅಸ್’ ಸ್ಪರ್ಧೆಗಾಗಿ ಬಯೋಸೆನ್ಸರ್ (ರಕ್ತದಂಥ ಮಾದರಿಯಲ್ಲಿ ಒಂದು ವಸ್ತು ಎಷ್ಟಿದೆಯೆಂದು ಅಳೆಯುವ ಉಪಕರಣ) ತಯಾರಿಸುವ ವಿದ್ಯಾರ್ಥಿ ತಂಡಕ್ಕೆ ಇಲ್ಲಿ ಅರ್ಜಿ ಕರೆದಿದ್ದಾರೆ. ತಂಡದಲ್ಲಿ ಹೆಚ್ಚಿನವರು ಬಯೋಮೆಡಿಕಲ್ ಮತ್ತು ರಸಾಯನಶಾಸ್ತ್ರದವರು. ನಾನು ಪಿಯುಸಿ ನಂತರ ಜೀವಶಾಸ್ತ್ರದ ಪುಸ್ತಕ ತೆರೆದವನಲ್ಲ. ಸೇರಿದರೆ ಬರೀ ಬೆಸುಗೆ ಹಾಕುವ ಆಳಾಗಿ ಉಳಿಯುತ್ತೇನೆಯೇ? ಓದಿಗೆ ಪೆಟ್ಟು ಬೀಳುವುದಿಲ್ಲವೇ?

ಉತ್ತರ: ಖಂಡಿತ ಸೇರಿ. ಆದರೆ ತಂಡದಲ್ಲಿ ನಿಮ್ಮ ಜಾಗ ಯಾವುದೆಂಬುದನ್ನು ಮೊದಲೇ ಗುರುತಿಸಿಕೊಂಡು ಹೋಗಿ. ಇಲ್ಲವಾದರೆ ಬೆಸುಗೆಯ ಭಯ ನಿಜವಾದರೂ ಆದೀತು.

ಸಕ್ಕರೆ ಕಾಯಿಲೆಯವರ ಮನೆಯಲ್ಲಿರುವ ಗ್ಲುಕೋಮೀಟರನ್ನೇ ನೋಡಿ. 1962ರಲ್ಲಿ ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ ಮುಂದಿಟ್ಟ ವಿಚಾರದಿಂದ ಬೆಳೆದು ಬಂದ ಈ ಉಪಕರಣದಲ್ಲಿ, ಪಟ್ಟಿಯ ಮೇಲಿನ ಕಿಣ್ವವು ರಕ್ತದ ಗ್ಲುಕೋಸನ್ನು ಗುರುತು ಹಿಡಿದು ಅದರೊಡನೆ ವರ್ತಿಸುತ್ತದೆ, ಆ ಕ್ರಿಯೆಯಿಂದ ಹೊರಟ ಎಲೆಕ್ಟ್ರಾನ್‌ಗಳು ವಿದ್ಯುದ್ವಾರವನ್ನು ತಲುಪಿ ಅತಿ ಸಣ್ಣ ಪ್ರವಾಹವಾಗುತ್ತವೆ, ಸರ್ಕ್ಯೂಟು ಅದನ್ನು ಅಳೆದು ಅಂಕಿಯಾಗಿಸುತ್ತದೆ. ಕಿಣ್ವದವರೆಗಿನದು ನಿಮ್ಮ ಸಹಪಾಠಿಗಳ ವಿಷಯ, ವಿದ್ಯುದ್ವಾರದಿಂದ ಆಚೆಗಿನದು ನಿಮ್ಮದು. ಇಂಥ ತಂಡಗಳು ಎಡವುವುದು ಇವೆರಡೂ ಕೂಡುವ ಜಾಗದಲ್ಲಿ.

ಮೂರು ವಿದ್ಯುದ್ವಾರಗಳನ್ನು ಮುದ್ರಿಸಿದ ಬೆರಳಗಲದ ಪಟ್ಟಿಗೆ ಒಂದು ಹನಿ ದ್ರಾವಣ ಹಾಕಿ, ಅದನ್ನು ವಿದ್ಯುದ್ವಾರಗಳಿಗೆ ನಿಗದಿತ ವೋಲ್ಟೇಜ್ ಕೊಟ್ಟು ಪ್ರವಾಹ ಅಳೆಯುವ ಪೊಟೆನ್ಷಿಯೊಸ್ಟ್ಯಾಟ್‌ಗೆ ಜೋಡಿಸಿ, ಪರದೆಯ ಮೇಲಿನ ಗೆರೆ ಒಂದು ಮಟ್ಟಕ್ಕೆ ಬರಲೆಂದು ಕಾಯುತ್ತಿರುವಾಗ ಯಾರದೋ ಮೊಣಕೈ ತಾಗಿ ಕೇಬಲ್ ಅಲುಗಿದರೂ ಸಾಕು, ಗೆರೆ ಥಟ್ಟನೆ ಜಿಗಿಯುತ್ತದೆ. ರಸಾಯನಶಾಸ್ತ್ರದ ವಿದ್ಯಾರ್ಥಿ ಅದನ್ನು ಪ್ರೋಟೀನ್ ಅಂಟಿಕೊಂಡ ಗುರುತೆಂದು ಬರೆದುಕೊಂಡುಬಿಡಬಹುದು. ಅದು ಕೇಬಲ್ಲಿನ ಕಾಟವೆಂದೋ, ಗೋಡೆಯ ಸಾಕೆಟ್ಟಿನಿಂದ ನುಸುಳಿದ 50 ಹರ್ಟ್ಸ್‌ನ ಗುಂಯ್‌ಗುಡುವಿಕೆಯೆಂದೋ ಹೇಳಬಲ್ಲವರು ನೀವು. ಪ್ರಯೋಗಾಲಯದಲ್ಲಿ ಬೆರೆಸಿದ ಶುದ್ಧ ಬಫರ್ ದ್ರಾವಣದಲ್ಲಿ ಸೊಗಸಾಗಿ ಬರುತ್ತಿದ್ದ ಸಿಗ್ನಲ್, ರಕ್ತಕಣಗಳನ್ನು ತೆಗೆದು ಉಳಿದ ದ್ರವವಾದ ಪ್ಲಾಸ್ಮಾದಲ್ಲಿ ಕೆಟ್ಟಾಗ ಮಾತ್ರ ಪರಿಸ್ಥಿತಿ ತಿರುಗುತ್ತದೆ: ನೀವು ಆಂಪ್ಲಿಫೈಯರ್ ಬದಲಿಸುತ್ತ ದಿನ ಕಳೆಯುತ್ತೀರಿ, ಆಲ್ಬುಮಿನ್‌ನಂಥ ಪ್ರೋಟೀನ್‌ಗಳು ವಿದ್ಯುದ್ವಾರಕ್ಕೆ ಮೆತ್ತಿಕೊಂಡಿರುವುದು ಅವರಿಗೆ ಮಾತ್ರ ಹೊಳೆಯುತ್ತದೆ. ಆದ್ದರಿಂದ ಪಿಪೆಟ್ ಹಿಡಿಯುವುದನ್ನು ನೀವೂ ಕಲಿಯಿರಿ, ಅವರಿಗೂ ಆಸಿಲೋಸ್ಕೋಪ್ ಮುಂದೆ ಕೂರಲು ಹೇಳಿ.

ಸರ್ಕ್ಯೂಟ್ ಮಾಡುವವರು ರೋಗದ ವಿಷಯ ತಿಳಿಯಲೇಬೇಕಾದುದಕ್ಕೆ ಇನ್ನೊಂದು ಕಾರಣವಿದೆ. ಸೆನ್ಸ್‌ಅಸ್‌ನಲ್ಲಿ ಎಲ್ಲ ತಂಡಗಳೂ ಒಂದೇ ವಸ್ತುವನ್ನು ಅಳೆಯಬೇಕು. ಸ್ಪರ್ಧೆ ಆರಂಭವಾದ 2016ರಲ್ಲಿ ಅದು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಆಗಿತ್ತು, 2017ರಲ್ಲಿ ಹೃದಯ ವೈಫಲ್ಯದ ಸೂಚಕವಾದ ಎನ್‌ಟಿ-ಪ್ರೊಬಿಎನ್‌ಪಿ, 2018ರಲ್ಲಿ ವ್ಯಾಂಕೊಮೈಸಿನ್ ಎಂಬ ಆ್ಯಂಟಿಬಯಾಟಿಕ್. ಆರೋಗ್ಯವಂತರ ರಕ್ತದಲ್ಲಿ ಕ್ರಿಯಾಟಿನಿನ್ ಡೆಸಿಲೀಟರಿಗೆ 1 ಮಿಲಿಗ್ರಾಂ ಆಸುಪಾಸಿನಲ್ಲಿರುತ್ತದೆ. ಎನ್‌ಟಿ-ಪ್ರೊಬಿಎನ್‌ಪಿಯಲ್ಲಾದರೋ ಹೃದಯದ ಬಗ್ಗೆ ವೈದ್ಯರು ಹೆಚ್ಚಿನ ತಪಾಸಣೆಗೆ ಮುಂದಾಗುವ ಮಟ್ಟವೇ ಮಿಲಿಲೀಟರಿಗೆ 125 ಪಿಕೊಗ್ರಾಂ, ಅಂದರೆ ತೂಕದಲ್ಲಿ ಸುಮಾರು 80 ಸಾವಿರ ಪಟ್ಟು ಕಡಿಮೆ. ಮೊದಲನೆಯದಕ್ಕೆ ಸಾಕಾಗುವ ಸರ್ಕ್ಯೂಟು ಎರಡನೆಯದಕ್ಕೆ ಏತಕ್ಕೂ ಬಾರದು. ಈ ಲೆಕ್ಕ ಹಾಕದೆ ಬೋರ್ಡ್ ವಿನ್ಯಾಸಕ್ಕೆ ಇಳಿಯುವವರು ನಿಜಕ್ಕೂ ಬೆಸುಗೆಗೇ ಲಾಯಕ್ಕು ಎಂದರೆ ಒರಟು ಮಾತಾದೀತು, ಆದರೆ ಸುಳ್ಳಾಗದು.

ನಿಮ್ಮದೇ ಹಿನ್ನೆಲೆಯವರು ಈ ಹಾದಿಯಲ್ಲಿ ದೂರ ಸಾಗಿದ್ದಾರೆ. ಮೈಸೂರಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿದ ಪ್ರೊ. ನವಕಾಂತ ಭಟ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆಸಿದ ಬಯೋಸೆನ್ಸರ್ ಸಂಶೋಧನೆಯಿಂದ ಪಾಥ್‌ಶೋಧ್ ಎಂಬ ಕಂಪನಿ ಹುಟ್ಟಿತು. ಸಕ್ಕರೆ ಕಾಯಿಲೆ ಮತ್ತು ಅದರ ತೊಡಕುಗಳಿಗೆ ಸಂಬಂಧಿಸಿದ ಹಲವು ಪರೀಕ್ಷೆಗಳನ್ನು ಒಂದೇ ಕೈಯಳತೆಯ ಉಪಕರಣದಲ್ಲಿ ಮಾಡುವುದು ಅದರ ಸಾಧನೆ. ಅವರಿಗೆ 2018ರ ಇನ್ಫೊಸಿಸ್ ಪ್ರಶಸ್ತಿಯೂ ಬಂತು.

ಸುರಕ್ಷತೆಯ ವಿಷಯದಲ್ಲಿ ಸಂಕೋಚ ಬೇಡ. ಪ್ರಯೋಗಾಲಯದ ತರಬೇತಿ ಮುಗಿಯದೆ ಪ್ಲಾಸ್ಮಾದ ಮಾದರಿಗಳನ್ನು ಮುಟ್ಟಬೇಡಿ, ಹೆಪಟೈಟಿಸ್ ಬಿ ಲಸಿಕೆ ಆಗಿದೆಯೇ ಎಂದು ನೋಡಿಕೊಳ್ಳಿ. ‘ಒಂದೇ ಹನಿ ತಾನೇ’ ಎಂದು ಗೆಳೆಯರ ಬೆರಳು ಚುಚ್ಚಿ ನೋಡುವ ಉತ್ಸಾಹ ಯಾರಿಗಾದರೂ ಬಂದರೆ ಬೇಡವೆನ್ನಿ. ಮನುಷ್ಯರ ಮಾದರಿಗೆ ನೈತಿಕ ಸಮಿತಿಯ ಒಪ್ಪಿಗೆ ಬೇಕು.

ಓದಿನ ಬಗ್ಗೆ ಹೇಳುವುದಾದರೆ, ಪೆಟ್ಟು ಬೀಳುವುದೂ ಬೀಳದಿರುವುದೂ ತಂಡದ ಶಿಸ್ತಿನ ಮೇಲಿದೆ. ಸಂದರ್ಶನಕ್ಕೆ ಕರೆದಾಗ ನೀವೂ ಕೇಳಿ: ಪರೀಕ್ಷೆಯ ವಾರಗಳಲ್ಲಿ ಕೆಲಸ ನಿಲ್ಲುತ್ತದೆಯೇ, ಈ ಕೆಲಸಕ್ಕೆ ಕ್ರೆಡಿಟ್ ಸಿಗುತ್ತದೆಯೇ, ವಿದ್ಯುದ್ವಾರವನ್ನು ಆಯ್ಕೆ ಮಾಡುವ ಸಭೆಯಲ್ಲಿ ಎಲೆಕ್ಟ್ರಾನಿಕ್ಸ್‌ನವರು ಕೂರುತ್ತಾರೆಯೇ. ಕೊನೆಯದಕ್ಕೆ ‘ಇಲ್ಲ’ ಎಂಬ ಉತ್ತರ ಬಂದರೆ ಆ ತಂಡವನ್ನು ಬಿಟ್ಟುಬಿಡಿ. ಇನ್ನು ಅಂತಿಮ ಸುತ್ತು ನಡೆಯುವುದು ಬೇಸಿಗೆ ರಜೆಯ ಕೊನೆಯ ಹೊತ್ತಿಗೆ; ಗೌರಿ-ಗಣೇಶ ಹಬ್ಬಕ್ಕೆ ಊರಿಗೆ ಬರುತ್ತೇನೆಂದು ಮನೆಯವರಿಗೆ ಮಾತು ಕೊಟ್ಟಿದ್ದರೆ, ಟಿಕೆಟ್ ಕಾದಿರಿಸುವ ಮೊದಲು ಆ ವರ್ಷದ ದಿನಾಂಕ ವಿಚಾರಿಸಿಕೊಳ್ಳಿ.