ಅಮ್ಮ ಕೊಟ್ಟ ಕಿಡ್ನಿ, ಆಟಕ್ಕೆ ಹೋಗದ ಮಗಳು

(ಗುರುತು ಸಿಗದಂತೆ ಹೆಸರು, ವಿವರ ಬದಲಿಸಿದ್ದೇನೆ.)

ಸುಮಾಗೆ 12 ವರ್ಷ. ತಾಯಿಯ ಕಿಡ್ನಿ ಕಸಿ ಮಾಡಿಸಿ ವರ್ಷ ದಾಟಿದೆ. ಕಿಡ್ನಿಯ ಕೆಲಸ ಹೇಗಿದೆ ಎಂದು ತಿಳಿಸುವ ರಕ್ತದ ಕ್ರಿಯಾಟಿನಿನ್ ಸ್ಥಿರವಾಗಿದೆ, ಮಾತ್ರೆ ಒಂದು ಹೊತ್ತೂ ತಪ್ಪಿಲ್ಲ. ಆದರೂ ತಾಯಿ ನನ್ನ ಬಳಿ ಕರೆತಂದರು: "ಯಾರ ಜೊತೆಗೂ ಸೇರಲ್ಲ ಮೇಡಂ, ಟೀವಿ ಮುಂದೆ ಕೂತ್ರೆ ಏಳಲ್ಲ."

ಇತ್ತ ಬಾ ಪುಟ್ಟಿ ಅಂದೆ. ಎರಡೂ ಅಂಗೈ ತೊಡೆಗೆ ಊರಿ, ಮೈಯನ್ನು ಮುಂದಕ್ಕೆ ದೂಡಿಕೊಂಡು ಕುರ್ಚಿಯಿಂದ ಎದ್ದಳು. ಈ ವಯಸ್ಸಿನ ಮಗು ಹಾಗೆ ಏಳಬಾರದು. ಕಸಿಗೆ ಮುಂಚಿನ ಡಯಾಲಿಸಿಸ್ (ಯಂತ್ರದಿಂದಲೋ ಹೊಟ್ಟೆಯ ಮೂಲಕವೋ ರಕ್ತ ಶುದ್ಧಿ ಮಾಡುವುದು) ದಿನಗಳಲ್ಲೇ ಮಕ್ಕಳ ಮಾಂಸಖಂಡ ಸೊರಗಿರುತ್ತದೆ. ಆಮೇಲೆ ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ಕೊಡುವ ಸ್ಟೀರಾಯ್ಡ್ ತೊಡೆ, ಸೊಂಟದ ಬಲವನ್ನು ಕುಗ್ಗಿಸಬಲ್ಲದು, ಮೂಳೆಯನ್ನೂ ಸವೆಸಬಲ್ಲದು. ಇಷ್ಟರ ಮೇಲೆ ಮಗುವನ್ನು ಕೂರಿಸಿಯೇ ಇಟ್ಟರೆ ಕಿಡ್ನಿ ಚೆನ್ನಾಗಿದ್ದೂ ಮಗು ಸೊರಗುತ್ತದೆ. ಶಾಲೆಯಲ್ಲಿ ಪಿ.ಟಿ. ಪೀರಿಯಡ್ ಬಂದರೆ ಎಲ್ಲರ ಬ್ಯಾಗ್ ಕಾಯುವುದು ಇವಳ ಪಾಲಿಗೆ ಬಂದಿತ್ತು.

ತಾಯಿಯ ಜೊತೆ ಬೇರೆಯಾಗಿ ಮಾತಾಡಿದೆ. "ಬಿದ್ದು ಏನಾದ್ರೂ ಆದ್ರೆ ಇನ್ನೊಂದು ಎಲ್ಲಿಂದ ಕೊಡ್ಲಿ ಮೇಡಂ? ನನ್ನ ಹತ್ರ ಇರೋದು ಒಂದೇ." ಈ ಭಯವನ್ನು ಸಲೀಸಾಗಿ ತಳ್ಳಿಹಾಕಲು ಯಾರಿಗೂ ಹಕ್ಕಿಲ್ಲ. ಮಗಳು ಒಬ್ಬಳೇ ಇದ್ದಾಗ ಕೇಳಿದ್ದು ಇದು: "ನಾನು ಓಡಿದ್ರೆ ಅಮ್ಮನ ಕಿಡ್ನಿ ಹಾಳಾಗುತ್ತಾ ಆಂಟಿ?" ಮನೆಯಲ್ಲಿ ದಿನಾ "ಅಮ್ಮ ಕೊಟ್ಟಿದ್ದು, ಜೋಪಾನ" ಅನ್ನುತ್ತಿದ್ದರು. ಪ್ರೀತಿಯಿಂದ ಆಡಿದ ಮಾತೇ. ಮಗು ಅದನ್ನು ಸಾಲದಂತೆ ಹೊತ್ತುಕೊಂಡಿತ್ತು.

ಮೊದಲ ಸಲಹೆ ಆ ಮಾತನ್ನು ನಿಲ್ಲಿಸುವುದು. ಅಜ್ಜಿಗೂ ಹೇಳಿಸಿದೆ: ಅದೀಗ ಸುಮಾಳ ಕಿಡ್ನಿ, ಅಷ್ಟೇ.

ಆಮೇಲೆ ಚಿತ್ರ ಬರೆದು ಇಬ್ಬರಿಗೂ ತೋರಿಸಿದೆ. ಕಸಿ ಮಾಡಿದ ಕಿಡ್ನಿ ಇರುವುದು ಬೆನ್ನಿನ ಕಡೆಯಲ್ಲ, ಕೆಳಹೊಟ್ಟೆಯ ಒಂದು ಪಕ್ಕದಲ್ಲಿ. ಅಲ್ಲಿ ಪಕ್ಕೆಲುಬಿನ ಕಾವಲಿಲ್ಲ. ಅದಕ್ಕೇ ಹೊಟ್ಟೆಗೆ ನೇರ ಏಟು ಬೀಳಬಹುದಾದ ಕಬಡ್ಡಿ, ಕರಾಟೆ ಬೇಡ. ನಡೆದರೆ, ಓಡಿದರೆ ಅದು ಕಳಚಿ ಬರುವುದಿಲ್ಲ. ಕಿಡ್ನಿ ವೈದ್ಯರು, ಫಿಸಿಯೋಥೆರಪಿಸ್ಟ್ ನೋಡಿ ಒಪ್ಪಿದ ಮೇಲೆ ಶುರುಮಾಡಿದೆವು: ಬೆಳಿಗ್ಗೆ ಸಂಜೆ ಹತ್ತತ್ತು ನಿಮಿಷ ಬಿರುಸು ನಡಿಗೆ, ಮಾತಾಡಲು ಉಸಿರು ಉಳಿಯುವಷ್ಟು ವೇಗ, ಕುರ್ಚಿಯಿಂದ ಕೈ ಊರದೆ ಏಳುವ ಅಭ್ಯಾಸ. ವಾರವಾರ ಐದೈದು ನಿಮಿಷ ಹೆಚ್ಚು. 5ರಿಂದ 17 ವರ್ಷದ ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನಕ್ಕೆ 60 ನಿಮಿಷ ನಮ್ಮ ಗುರಿ, ಅವಸರವಿಲ್ಲ. ನೀರಿನ ಬಾಟಲಿ ಸದಾ ಜೊತೆಗಿರಲಿ. ಬಿಸಿಲಿಗೆ ಟೋಪಿ ಬೇಕು; ರೋಗನಿರೋಧ ತಗ್ಗಿಸುವ ಮಾತ್ರೆ ನುಂಗುವವರಿಗೆ ಮುಂದೆ ಚರ್ಮದ ಕ್ಯಾನ್ಸರ್ ಅಪಾಯ ಹೆಚ್ಚು. ಜ್ವರ, ಕಸಿಯ ಜಾಗದಲ್ಲಿ ನೋವು, ಮೂತ್ರ ಕಡಿಮೆಯಾಗುವುದು ಕಂಡರೆ ಆಟ ಬಿಟ್ಟು ಆಸ್ಪತ್ರೆಗೆ.

ಕಸಿಯಾದವರ ವಿಶ್ವ ಕ್ರೀಡಾಕೂಟ 1978ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ ಶುರುವಾಯಿತು, ಈಗ ಅಲ್ಲಿ ಮಕ್ಕಳೂ ಓಡುತ್ತಾರೆ. ಆ ವಿಡಿಯೋ ತೋರಿಸಿದಾಗ ಸುಮಾಗಿಂತ ತಾಯಿ ಹೆಚ್ಚು ಹೊತ್ತು ನೋಡಿದರು.

ಯಾವ ಆಟ ಸರಿ, ಯಾವುದು ಬೇಡ ಎಂದು ವೈದ್ಯರು ಬರೆದ ಚೀಟಿ ಪಿ.ಟಿ. ಮೇಷ್ಟ್ರಿಗೆ ತಲುಪಿದೆ. ಸದ್ಯ ಶಟಲ್ ಆಡುತ್ತಿದ್ದಾಳೆ. ಶಾಲೆಯ ಪ್ರವಾಸಕ್ಕೆ ಕಳಿಸಲು ತಾಯಿ ಇನ್ನೂ ಒಪ್ಪಿಲ್ಲ. ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುವ ಹೊಣೆಯನ್ನು ಒಬ್ಬ ಟೀಚರ್ ಹೊತ್ತರೆ, ವೈದ್ಯರನ್ನು ಕೇಳಿ ಕಳಿಸಿ ಎಂದಿದ್ದೇನೆ.