ಆರು ತಿಂಗಳ ಸಿಎನ್‌ಸಿ ಕೋರ್ಸಿಗೆ 48,000 ಸುರಿಯಬಹುದೇ?

ಪ್ರಶ್ನೆ: ನನಗೆ 23 ವರ್ಷ, ಪಿಯುಸಿ ಆಗಿದೆ. ಮಾಚೇನಹಳ್ಳಿಯ ಫೌಂಡ್ರಿಯೊಂದರ (ಎರಕದ ಕಾರ್ಖಾನೆ) ಫೆಟ್ಲಿಂಗ್ ವಿಭಾಗದಲ್ಲಿ, ಅಂದರೆ ಎರಕಕ್ಕೆ ಅಂಟಿದ ಮರಳು, ಹೆಚ್ಚುವರಿ ಅಂಚು ತೆಗೆಯುವಲ್ಲಿ ಹೆಲ್ಪರ್. ಕೈಗೆ ಬರುವುದು ತಿಂಗಳಿಗೆ 14,000. ಶಿವಮೊಗ್ಗದ ಖಾಸಗಿ ಸಂಸ್ಥೆಯೊಂದರಲ್ಲಿ ಆರು ತಿಂಗಳ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಣದಲ್ಲಿ ಲೋಹ ಕಡಿಯುವ ಮೆಷಿನ್) ಟೆಕ್ನೀಷಿಯನ್ ಸರ್ಟಿಫಿಕೇಟ್ ಕೋರ್ಸ್ ಇದೆ, ಫೀಸು 48,000. ಮುಗಿದ ಮೇಲೆ 18,000 ಸಂಬಳ ಗ್ಯಾರಂಟಿ ಎನ್ನುತ್ತಾರೆ. ಕೆಲಸ ಬಿಟ್ಟು ಸೇರಲೇ?
— ಓದುಗರು, ಭದ್ರಾವತಿ ತಾಲೂಕು

ಉತ್ತರ: ಕೆಲಸ ಬಿಟ್ಟು ಬೇಡ. ನಿಮ್ಮ ಲೆಕ್ಕದಲ್ಲಿ ದೊಡ್ಡ ಖರ್ಚು ಫೀಸಲ್ಲ, ಬಿಟ್ಟುಕೊಡುವ ಸಂಬಳ. ಆರು ತಿಂಗಳಿಗೆ ಅದೇ 84,000. ಫೀಸು 48,000, ಬಸ್ಸಿಗೆ ತಿಂಗಳಿಗೆ 1,500ರಂತೆ 9,000. ಒಟ್ಟು 1,41,000. ಸಂಬಳ 4,000 ಏರಿದರೂ ಹಾಕಿದ ದುಡ್ಡು ವಾಪಸ್ ಬರಲು ಸುಮಾರು 35 ತಿಂಗಳು ಬೇಕು. ಸಾಲ ಮಾಡಿ ಕಟ್ಟಿದರೆ ಬಡ್ಡಿ ಬೇರೆ.

ಅವರು ಹೇಳುವ 18,000 ಕೈಗೆ ಬರುವುದೋ, ಕಡಿತಕ್ಕೆ ಮುಂಚಿನದೋ ಕೇಳಿದ್ದೀರಾ? ಪಿಎಫ್ 12%, 15,000ದ ಮೇಲಷ್ಟೇ ಲೆಕ್ಕ ಹಾಕಿದರೂ 1,800. ಇಎಸ್‌ಐ 0.75%, ಅಂದರೆ 135. ಕೈಗೆ ಉಳಿಯುವುದು 16,065. ಪಿಎಫ್ ನಿಮ್ಮದೇ ದುಡ್ಡು ನಿಜ, ಆದರೆ ಸಾಲದ ಕಂತಿಗೆ ಒದಗುವುದಿಲ್ಲ. ಹಾಗಾದರೆ ಏರಿಕೆ ಬರೀ 2,065, ಖರ್ಚು ತೀರಲು ಐದೂವರೆ ವರ್ಷ ದಾಟುತ್ತದೆ.

ಸಂಜೆ ಬ್ಯಾಚ್ ಇದ್ದರೆ ಮಾತು ಬೇರೆ. ಫೀಸು, ಬಸ್ಸು ಸೇರಿ 57,000. ಆಗಲೂ ದುಡ್ಡು ಕಟ್ಟುವ ಮುನ್ನ ಅಲ್ಲಿಗೆ ಹೋಗಿ, ಕ್ಲಾಸ್ ನಡೆಯುವ ಹೊತ್ತಿನಲ್ಲಿ ಮೆಷಿನ್ ಎಷ್ಟಿವೆ, ಬ್ಯಾಚಿನಲ್ಲಿ ಎಷ್ಟು ಜನ ಎಂದು ಎಣಿಸಿ. ಒಂದೇ ಸಿಎನ್‌ಸಿ ಲೇತ್, 20 ಜನ, ದಿನಕ್ಕೆ 4 ಗಂಟೆ, 150 ದಿನ ಎಂದುಕೊಳ್ಳಿ. 600 ಗಂಟೆಯನ್ನು ಹಂಚಿದರೆ ನಿಮ್ಮ ಪಾಲಿಗೆ 30 ಗಂಟೆ. ಫ್ಯಾಕ್ಟರಿಯ ನಾಲ್ಕು ಶಿಫ್ಟೂ ಆಗಲಿಲ್ಲ! ಉಳಿದದ್ದು ಕಂಪ್ಯೂಟರ್ ಮುಂದೆ ಸಿಮ್ಯುಲೇಶನ್. ಅದರಲ್ಲಿ ಟೂಲ್ ಹೋಗಿ ಜಾಬ್ ಹಿಡಿಯುವ ಚಕ್ಕಿಗೆ (ಚಕ್) ಗುದ್ದಿದರೆ ಏನೂ ಒಡೆಯುವುದಿಲ್ಲ, ಹಾಗಾಗಿ ಕೈಗೆ ಭಯವೂ ಬರುವುದಿಲ್ಲ.

ಸಂಬಳ ಏರುವುದು ಜಾಬ್ (ಕಡಿಯಬೇಕಾದ ತುಂಡು) ಕಟ್ಟಿ ಬಟನ್ ಒತ್ತುವವನಿಗಲ್ಲ, ಅಳತೆ ಸರಿಯಾಗಿ ಬರುವಂತೆ ಮೆಷಿನ್ ಸೆಟ್ಟಿಂಗ್ ಮಾಡುವವನಿಗೆ. ಒಂದು ಉದಾಹರಣೆ. ಡ್ರಾಯಿಂಗಿನಲ್ಲಿ ಶಾಫ್ಟಿನ ಹೊರವ್ಯಾಸ 25 h7 (ಸಣ್ಣಕ್ಷರದ ಎಚ್, ಎಷ್ಟು ವ್ಯತ್ಯಾಸ ನಡೆಯುತ್ತದೆ ಎನ್ನುವ ಗುರುತು) ಎಂದಿದ್ದರೆ 24.979ರಿಂದ 25.000 ಮಿ.ಮೀ. ಒಳಗೆ ಬರಬೇಕು. 0.02 ಮಿ.ಮೀ. ತೋರಿಸುವ ವರ್ನಿಯರ್ ಇಲ್ಲಿ ಕೆಲಸಕ್ಕೆ ಬಾರದು, ಮೈಕ್ರೋಮೀಟರೇ ಬೇಕು. ಮೊದಲ ಪೀಸ್ 25.04 ಬಂತು ಅನ್ನಿ. ವೇರ್ ಆಫ್‌ಸೆಟ್‌ನಲ್ಲಿ (ಟೂಲಿನ ಅಳತೆ ತಿದ್ದುವ ಪುಟ) ಎಕ್ಸ್‌ಗೆ, ಅಂದರೆ ವ್ಯಾಸದ ದಿಕ್ಕಿಗೆ, ಮೈನಸ್ 0.05 ಕೊಟ್ಟರೆ ಮುಂದಿನದು 24.99ಕ್ಕೆ ಕೂರುತ್ತದೆ. ಅವಸರದಲ್ಲಿ 0.5 ಒತ್ತಿದರೆ 24.54, ಪೀಸ್ ನೇರ ಸ್ಕ್ರ್ಯಾಪಿಗೆ. ಈ ತಿದ್ದುವಿಕೆಯನ್ನು ಪ್ರತಿಯೊಬ್ಬ ಹುಡುಗನ ಕೈಯಲ್ಲೂ ಮಾಡಿಸುತ್ತಾರೋ, ಮಾಸ್ತರರು ಮಾಡುವುದನ್ನು ನಿಂತು ನೋಡಬೇಕೋ? ಇದೊಂದನ್ನು ಕೇಳಿದರೆ ಸಂಸ್ಥೆಯ ಹಣೆಬರಹ ಗೊತ್ತಾಗುತ್ತದೆ.

ನಿಮ್ಮ ಫೌಂಡ್ರಿಗೇ ಮೆಷಿನ್ ಶಾಪ್ ಇದ್ದರೆ ಮೊದಲು ಅಲ್ಲಿಗೆ ಹಾಕಿಸಿಕೊಳ್ಳಲು ಸೂಪರ್‌ವೈಸರ್ ಹತ್ತಿರ ಮಾತಾಡಿ. ಫೆಟ್ಲಿಂಗ್ ಮಾಡಿದವರಿಗೆ ಎರಕದ ಮೈ ಗೊತ್ತಿರುತ್ತದೆ. ಮೇಲ್ಪದರದಲ್ಲಿ ಸುಟ್ಟ ಮರಳು ಅಂಟಿರುತ್ತದೆ. ಮೊದಲ ಕಟ್ ಅದರ ಕೆಳಗೆ ಇಳಿಯದಿದ್ದರೆ ಇನ್ಸರ್ಟ್ (ಟೂಲಿನ ತುದಿಯಲ್ಲಿ ಕಡಿಯುವ ಬಿಲ್ಲೆ) ಮರಳಿಗೇ ಉಜ್ಜಿ ಬೇಗ ಸವೆಯುತ್ತದೆ. ತೆಳು ಅಂಚು ಬೇಗ ತಣಿದು ಗಡುಸಾಗಿದ್ದರೆ ಇನ್ಸರ್ಟಿನ ತುದಿಯೇ ಹಾರುತ್ತದೆ. ಕಂಬಿಯ ಮೇಲಷ್ಟೇ ಕಲಿತು ಬಂದವರು ಇಲ್ಲಿ ತಡವರಿಸುತ್ತಾರೆ. ಆ ಅನುಭವಕ್ಕೆ ಸಂಜೆಯ ಕೋರ್ಸ್ ಸೇರಿದರೆ 57,000 ದಂಡವಲ್ಲ.

ಪ್ರಶ್ನೆ: ಮಗ ಎಸ್ಸೆಸ್ಸೆಲ್ಸಿ ಪಾಸಾಗಿದ್ದಾನೆ. ಎರಡು ವರ್ಷದ ಐಟಿಐ ಯಾಕೆ, ಆರು ತಿಂಗಳ ಸರ್ಟಿಫಿಕೇಟೇ ಸಾಕು ಎನ್ನುತ್ತಾರೆ ನಮ್ಮ ಭಾವ. ಏನು ಮಾಡಲಿ?
— ಓದುಗರು, ಹೊಸನಗರ

ಉತ್ತರ: ಭಾವನವರ ಮಾತು ದುಡಿಯುತ್ತಿರುವವರಿಗೆ ಸರಿ, ನಿಮ್ಮ ಮಗನಿಗಲ್ಲ. ಅವನಿಗೆ ಕಳೆದುಕೊಳ್ಳಲು ಸಂಬಳವಿಲ್ಲ. ಸರ್ಕಾರಿ ಐಟಿಐನಲ್ಲಿ ಟರ್ನರ್ ಅಥವಾ ಮೆಷಿನಿಸ್ಟ್ ಕೊಡಿಸಿ. ಟಾಟಾ ಟೆಕ್ನಾಲಜೀಸ್ ಜತೆ ಸೇರಿ ಮೇಲ್ದರ್ಜೆಗೇರಿಸಿದ 150 ಸರ್ಕಾರಿ ಐಟಿಐಗಳಿಗಾಗಿ ತಂದ ಹೊಸ ಕೋರ್ಸುಗಳಲ್ಲಿ ಅಡ್ವಾನ್ಸ್ಡ್ ಸಿಎನ್‌ಸಿ ಮೆಷಿನಿಂಗ್ ಟೆಕ್ನೀಷಿಯನ್ ಕೂಡ ಎರಡು ವರ್ಷದ್ದು. ರೋಬೋಟಿಕ್ಸಿನದು ಒಂದೇ ವರ್ಷ. ಹೆಸರು ಕೇಳಿ ಹುಡುಗರು ಅತ್ತ ಓಡುತ್ತಾರೆ, ನಾವಂತೂ ಎರಡು ವರ್ಷದ್ದನ್ನೇ ಹೇಳುತ್ತೇವೆ. ಅದನ್ನು ಮುಗಿಸಿದವರಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಪ್ರವೇಶದ ದಾರಿಯಿದೆ. ರೈಲ್ವೆಯ ಟೆಕ್ನೀಷಿಯನ್ ಹುದ್ದೆಗಳಿಗೆ ಕೇಳುವುದು ಐಟಿಐ ಅಥವಾ ಅಪ್ರೆಂಟಿಸ್ ಪ್ರಮಾಣಪತ್ರ. ಖಾಸಗಿ ಸಂಸ್ಥೆ ತಾನೇ ಅಚ್ಚು ಹಾಕಿಸಿ ಕೊಟ್ಟ ಹಾಳೆ ಅಲ್ಲಿ ನಡೆಯುವುದಿಲ್ಲ.

ಪ್ರಶ್ನೆ: ಟ್ರೈನಿಂಗಿಗೆ ಸ್ವಂತ ಮೈಕ್ರೋಮೀಟರ್ ಕೊಳ್ಳಬೇಕೇ?
— ಓದುಗರು, ಸಾಗರ

ಉತ್ತರ: ಈಗಲೇ ಬೇಡ, 150 ಮಿ.ಮೀ. ವರ್ನಿಯರ್ ಒಂದಿದ್ದರೆ ಸಾಕು. ಮುಂದೆ ಮೈಕ್ರೋಮೀಟರ್ ಕೊಂಡರೆ 0–25 ಮಿ.ಮೀ. ಅಳೆಯುವುದನ್ನು ಕೊಳ್ಳಿ. ಮಳೆಗಾಲದಲ್ಲಿ ನಮ್ಮ ಕಡೆಯ ಥಂಡಿಗೆ ಅದಕ್ಕೆ ತುಕ್ಕು ಹಿಡಿಯಬಹುದು. ಬೆವರಿದ ಕೈಯ ಗುರುತು ಒರೆಸಿ, ತೆಳುವಾಗಿ ಎಣ್ಣೆ ಸವರಿ, ಅಳೆಯುವ ಎರಡು ಮುಖಗಳ ನಡುವೆ ಒಂದು ಮಿ.ಮೀ. ಸಂದು ಬಿಟ್ಟು ಡಬ್ಬಿಗೆ ಹಾಕಿ.